ಅಂಕಿತವಿಲ್ಲದ ಹಾಳೆ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ಉನ್ನತ ಶಿಕ್ಷಣ ಮತ್ತು ಶರಣ ಸಂಸ್ಕೃತಿ’. ನಾನು ಕೆರೆ, ಕಾಲುವೆ, ತೂಬುಗಳ ಅಂದಾಜುಪಟ್ಟಿ ಬರೆಯುತ್ತ ಸರ್ಕಾರಿ ನೌಕರಿ ಮುಗಿಸಿದವನು. ದೊಡ್ಡ ವಿಷಯ ಕೈಗೆ ಬಂದರೆ ಅದರಲ್ಲಿ ಅಳತೆಗೆ ಸಿಗುವ ಒಂದು ತುಂಡನ್ನು ಹಿಡಿದುಕೊಳ್ಳುವುದು ನನ್ನ ರೂಢಿ. ಇವತ್ತು ಹಿಡಿದುಕೊಂಡ ತುಂಡು ಬಿ.ಎ. ಪದವಿಯ ಇಂಗ್ಲಿಷ್ ಸಾಹಿತ್ಯದ ತರಗತಿ. ಮಠದಲ್ಲಿ ಇದೇನು ಮಾತು ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಹುಬ್ಬೇರಿಸಿದ್ದು ನನಗೆ ಕಾಣಿಸಿತು. ಸ್ವಲ್ಪ ಹೊತ್ತು ಸೈರಿಸಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಸಮಾಜದವರೇ ನಡೆಸುವ ಒಂದು ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಾನಿದ್ದೇನೆ. ಹೆಸರು ಬೇಡ. ಎರಡು ವರ್ಷದ ಹಿಂದೆ ಅಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡ ವಿದ್ಯಾರ್ಥಿಗಳು ಹನ್ನೊಂದಕ್ಕೆ ಇಳಿದರು. ಈತ ಇಂಜಿನಿಯರು, ಲೆಕ್ಕ ಬಲ್ಲವನು ಎಂದು ಟಿಪ್ಪಣಿ ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದರು. ಕೊಠಡಿ ಎಷ್ಟು, ಸಂಬಳ ಎಷ್ಟು, ತಲಾ ಖರ್ಚು ಎಷ್ಟು ಎಂದು ಬರೆದೆ. ಕೊನೆಗೆ, ‘ಸದರಿ ತರಗತಿಯು ಸಮಾಜಕ್ಕೆ ಅನುಪಯುಕ್ತವೆಂದು ಕಂಡುಬಂದಿರುವುದರಿಂದ ಹೊಸ ಪ್ರವೇಶಗಳನ್ನು ಸ್ಥಗಿತಗೊಳಿಸಬಹುದಾಗಿದೆ’ ಎಂದು ಸೇರಿಸಿದೆ. ಮಂಡಳಿ ಐದು ನಿಮಿಷದಲ್ಲಿ ಒಪ್ಪಿತು. ಆಮೇಲೆ ಚಹಾ ಬಂತು.

ಈ ವರ್ಷ ಆ ಹನ್ನೊಂದು ಮಂದಿಯಲ್ಲಿ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ನನ್ನ ಟಿಪ್ಪಣಿಯ ಜೆರಾಕ್ಸ್ ಪ್ರತಿ. ಒಂದೇ ಒಂದು ಪದದ ಕೆಳಗೆ ಪೆನ್ಸಿಲಿನ ಗೆರೆ. ‘ಸರ್, ತಪ್ಪು ತಿಳೀಬೇಡಿ. ಕಂಡುಬಂದಿರುವುದರಿಂದ ಅಂತ ಬರೆದಿದ್ದೀರಿ. ಯಾರಿಗೆ ಕಂಡುಬಂತು? ನಮ್ಮ ಕ್ಲಾಸಿಗೆ ಯಾರೂ ಬಂದೇ ಇಲ್ವಲ್ಲ ಸರ್’ ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೇವೆಯಲ್ಲಿದ್ದಷ್ಟು ಕಾಲವೂ ‘ಕಂಡುಬಂದಿದೆ’, ‘ಪರಿಗಣಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದಿದ್ದೇನೆ. ಆ ವಾಕ್ಯಗಳಲ್ಲಿ ಮನುಷ್ಯನೇ ಇಲ್ಲ ಎಂದು ಯಾವ ಮೇಲಧಿಕಾರಿಯೂ, ಯಾವ ಆಡಿಟರೂ ಕೇಳಿರಲಿಲ್ಲ. ಅನುಪಯುಕ್ತವೆಂದು ನಾನು ಬರೆದ ತರಗತಿಯ ಹುಡುಗಿ ಕೇಳಿದಳು.

ಮರುವಾರ ಹೋಗಿ ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತೆ. ಅಧ್ಯಾಪಕಿ ಒಂದೊಂದು ಹಾಳೆ ಹಂಚಿದರು. ಅದರಲ್ಲಿ ಒಂದು ಚಿಕ್ಕ ಇಂಗ್ಲಿಷ್ ಕವಿತೆ ಇತ್ತು. ಕವಿಯ ಹೆಸರಿಲ್ಲ, ಕಾಲವಿಲ್ಲ, ಶೀರ್ಷಿಕೆಯೂ ಇಲ್ಲ. ‘ಇದು ಏನು ಹೇಳುತ್ತದೆ, ಯಾವ ದನಿಯಲ್ಲಿ ಹೇಳುತ್ತದೆ, ಅದು ನಿಮಗೆ ಯಾವ ಪದದಿಂದ ಗೊತ್ತಾಯಿತು, ಬರೆಯಿರಿ’ ಎಂದರು. ಹದಿನೈದು ನಿಮಿಷ ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇದು ಯಾರು ಕಂಡುಹಿಡಿದ ಪದ್ಧತಿ ಎಂದು ಆಮೇಲೆ ಕೇಳಿದಾಗ ಅವರು ಒಂದು ಹಳೆಯ ಪುಸ್ತಕ ಕೊಟ್ಟರು. ಓದಲು ನನಗೆ ಎರಡು ತಿಂಗಳು ಹಿಡಿಯಿತು.

ಆ ಪುಸ್ತಕ ಐ. ಎ. ರಿಚರ್ಡ್ಸ್ ಅವರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’, 1929ರಲ್ಲಿ ಪ್ರಕಟವಾದದ್ದು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಸ್ವತಂತ್ರ ಪದವಿ ಪರೀಕ್ಷೆ ಒಪ್ಪಿಗೆಯಾದದ್ದೇ 1917ರಲ್ಲಿ. ರಿಚರ್ಡ್ಸ್ ಓದಿದ್ದು ಸಾಹಿತ್ಯವನ್ನಲ್ಲ, ತತ್ವಶಾಸ್ತ್ರ, ಮನಶ್ಶಾಸ್ತ್ರದ ಕಡೆಯದನ್ನು. ಬಿಡುವಿನಲ್ಲಿ ಆತ ಪರ್ವತಾರೋಹಿ. ತನ್ನ ಉಪನ್ಯಾಸಕ್ಕೆ ಬಂದವರಿಗೆ ಆತ ಹೆಸರಿಲ್ಲದ ಕವಿತೆಗಳ ಹಾಳೆ ಹಂಚಿ ಒಂದು ವಾರದ ಸಮಯ ಕೊಡುತ್ತಿದ್ದ. ತೋಚಿದ್ದನ್ನು ಬರೆದು ತರಬೇಕು. ಎಷ್ಟು ಸಲ ಓದಿದಿರಿ ಎಂಬುದನ್ನೂ ಬರೆಯಬೇಕು. ಬರೆದವರ ಹೆಸರನ್ನು ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟಿದ್ದ. ಮರುವಾರ ಆ ಬರಹಗಳನ್ನೇ ಮುಂದಿಟ್ಟುಕೊಂಡು ಪಾಠ. ಪ್ರಯೋಗಶಾಲೆಯಲ್ಲಿ ಸಿಮೆಂಟಿನ ಮಾದರಿ ಒಡೆದು ನೋಡುತ್ತೇವಲ್ಲ, ಅದೇ ಕ್ರಮ. ಇಲ್ಲಿ ಪರೀಕ್ಷೆಗೆ ಒಳಗಾದದ್ದು ಕವಿತೆಯಲ್ಲ, ಓದುಗ.

ಫಲಿತಾಂಶ ಗಾಬರಿ ಹುಟ್ಟಿಸುವಂಥದು. ಪುಸ್ತಕದಲ್ಲಿ ಹದಿಮೂರು ಕವಿತೆಗಳಿವೆ. ಜಾನ್ ಡನ್, ಹಾಪ್ಕಿನ್ಸ್ ಅವರಂಥ ದೊಡ್ಡವರ ಕವಿತೆಗಳನ್ನು ಬಹಳ ಮಂದಿ ತಳ್ಳಿಹಾಕಿದ್ದರು. ಇವತ್ತು ಯಾರೂ ನೆನೆಯದ ಪದ್ಯಗಳನ್ನು ಹೊಗಳಿದ್ದರು. ಅವರೆಲ್ಲ ಒಳ್ಳೆಯ ಶಾಲೆಗಳಿಂದ ಬಂದ, ಇಂಗ್ಲಿಷೇ ತಾಯಿನುಡಿಯಾದ ಮಕ್ಕಳು. ಆದರೂ ಕವಿತೆಯ ನೇರ ಅರ್ಥವೇ ಅನೇಕರಿಗೆ ದಕ್ಕಿರಲಿಲ್ಲ. ರಿಚರ್ಡ್ಸ್ ಅವರನ್ನು ಹಾಸ್ಯ ಮಾಡಿ ಬಿಡಲಿಲ್ಲ, ಓದು ಎಲ್ಲೆಲ್ಲಿ ಸೋರುತ್ತದೆ ಎಂದು ಹತ್ತು ಜಾಗ ಗುರುತಿಸಿದ. ಹತ್ತನ್ನೂ ಹೇಳುವುದಿಲ್ಲ, ನಮಗೆ ತಾಗುವ ಮೂರು ಸಾಕು. ಒಂದು, ಸಿದ್ಧ ಪ್ರತಿಕ್ರಿಯೆ: ತಾಯಿ, ಸಾವು, ದೇವರು ಎಂಬ ಪದ ಕಂಡ ಕೂಡಲೇ ಮನಸ್ಸಿನಲ್ಲಿ ಮೊದಲೇ ಕಟ್ಟಿಟ್ಟ ಭಾವನೆಯ ಗಂಟನ್ನು ಬಿಚ್ಚಿಬಿಡುವುದು. ಎರಡು, ನಮ್ಮ ಸ್ವಂತ ನೆನಪಿನ ಅಡ್ಡದಾರಿ ಹಿಡಿದು ಹಾಳೆಯ ಮೇಲೆ ಇಲ್ಲದ್ದನ್ನು ಓದುವುದು. ಮೂರು, ಸಿದ್ಧಾಂತದ ಅಂಟು: ಕವಿತೆ ನನ್ನ ನಂಬಿಕೆಯನ್ನು ಹೇಳಿದರೆ ಚೆನ್ನ, ಹೇಳದಿದ್ದರೆ ಕೆಟ್ಟದ್ದು. ಈ ಮೂರನೆಯದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ಅಂಗಳದಲ್ಲಿ ಓಡಾಡಿದೆ. ನಮ್ಮ ಎಷ್ಟು ಸಭೆಗಳಲ್ಲಿ, ನನ್ನ ಎಷ್ಟು ಭಾಷಣಗಳಲ್ಲಿ ವಚನವನ್ನು ಓದಿದ್ದು ಹೀಗೇ ಅಲ್ಲವೇ?

ಈ ರಿಚರ್ಡ್ಸ್ ಹತ್ತಿರ ಬಂದ ಒಬ್ಬ ವಿದ್ಯಾರ್ಥಿ ವಿಲಿಯಂ ಎಂಪ್ಸನ್. ಮೊದಲು ಗಣಿತ ಓದಿದವನು, ಆಮೇಲೆ ಇಂಗ್ಲಿಷಿಗೆ ಬಂದ. ಒಂದೇ ಪದ ಏಕಕಾಲಕ್ಕೆ ಹಲವು ಅರ್ಥಗಳನ್ನು ಹೊರುವ ಬಗೆಗಳನ್ನು ಏಳು ವಿಧವಾಗಿ ವಿಂಗಡಿಸಿ 1930ರಲ್ಲಿ ಪುಸ್ತಕ ತಂದಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಸಾಹಿತ್ಯ ಎಂದರೆ ಲೆಕ್ಕ ಬಾರದವರ ಆಶ್ರಯ ಎನ್ನುವ ನನ್ನಂಥ ಇಂಜಿನಿಯರುಗಳಿಗೆ ಈ ಸಂಗತಿ ಗೊತ್ತಿರಲಿ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಬರುತ್ತದೆ. ಇಂಗ್ಲಿಷ್ ಸಾಹಿತ್ಯ ನಮ್ಮ ನಾಡಿಗೆ ಬಂದದ್ದು ಆಳುವವರ ಕೆಲಸಕ್ಕಾಗಿ ಅಲ್ಲವೇ? ಹೌದು. 1835ರ ಮೆಕಾಲೆಯ ಟಿಪ್ಪಣಿ ಎಲ್ಲರಿಗೂ ಗೊತ್ತು. (ಅದೂ ಒಂದು ಟಿಪ್ಪಣಿಯೇ. ನಮ್ಮ ಭಾಷೆಗಳ ಗ್ರಂಥಗಳನ್ನು ಓದದೆಯೇ ಬರೆದದ್ದು, ನನ್ನ ಟಿಪ್ಪಣಿಯ ಹಾಗೆ.) ಭಾರತದ ಕಾಲೇಜುಗಳಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್ ಪಠ್ಯವಾದ ಕಾಲಕ್ಕೆ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪದವಿಯೇ ಇರಲಿಲ್ಲ, ಅದು ಬಂದದ್ದು 1894ರಲ್ಲಿ. ಈ ವಿಷಯ ಅಧ್ಯಯನ ಶಿಸ್ತಾಗಿ ಬೆಳೆದದ್ದು ವಸಾಹತಿನ ಆಳ್ವಿಕೆಯ ಅಗತ್ಯದಿಂದ ಎಂದು ಗೌರಿ ವಿಶ್ವನಾಥನ್ 1989ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಆ ಮಾತನ್ನು ನಾನು ಒಪ್ಪುತ್ತೇನೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಇಂಗ್ಲೆಂಡಿನಲ್ಲಿ ವಿದ್ಯೆ ಎಂದರೆ ಗ್ರೀಕ್, ಲ್ಯಾಟಿನ್. ತಾಯಿನುಡಿಯ ಕಾವ್ಯ ಓದಲು ವಿಶ್ವವಿದ್ಯಾಲಯ ಯಾಕೆ ಎಂದು ಪಂಡಿತರು ಮೂಗು ಮುರಿದಿದ್ದರು. ಗ್ರೀಕ್ ಲ್ಯಾಟಿನ್ನಿನ ಬಾಗಿಲು ಮುಚ್ಚಿದ್ದ ಕೂಲಿಕಾರರಿಗೆ ಸಂಜೆಯ ಸಂಸ್ಥೆಗಳಲ್ಲಿ, ಹೆಣ್ಣುಮಕ್ಕಳಿಗೆ ಅವರ ಹೊಸ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಮೊದಲು ಬೇರೂರಿತು. ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ ಎಂಬುದನ್ನು, ಹನ್ನೆರಡನೆಯ ಶತಮಾನದ ಶರಣೆಯರನ್ನು ನೆನೆಯುವ ಈ ಸಭೆಯಲ್ಲಿ ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ. ಸಂಸ್ಕೃತದ ಎದುರು ಕನ್ನಡದಲ್ಲಿ ಅನುಭಾವ ನುಡಿದವರ ಮಕ್ಕಳಿಗೆ ಈ ಕಥೆ ಹೊಸದಲ್ಲ.

ಈಗ ಬೆಳಗಾವಿಗೆ ಬರೋಣ. ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ನಮ್ಮ ಹಿರಿಯರು. ಅದರ ಲಿಂಗರಾಜ ಕಾಲೇಜಿನಲ್ಲಿ 1950ರ ದಶಕದಲ್ಲಿ ಒಬ್ಬ ತರುಣ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದರು. ಅವರು ಎ. ಕೆ. ರಾಮಾನುಜನ್. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು, ಮುಂದೆ ಅಮೆರಿಕಕ್ಕೆ ಹೋಗಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. 1973ರಲ್ಲಿ ಪೆಂಗ್ವಿನ್ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ ಅವರದು. ಬಸವಣ್ಣನವರು, ದೇವರ ದಾಸಿಮಯ್ಯನವರು, ಅಕ್ಕಮಹಾದೇವಿ, ಅಲ್ಲಮಪ್ರಭುದೇವರು, ಈ ನಾಲ್ವರ ವಚನಗಳು ಅದರಲ್ಲಿವೆ. ಹೊರನಾಡಿನ ಎಷ್ಟೋ ವಿದ್ಯಾರ್ಥಿಗಳು ಬಸವಣ್ಣನವರ ಹೆಸರನ್ನು ಮೊದಲು ಕಂಡದ್ದು ಆ ಪುಸ್ತಕದಲ್ಲಿ. ಅದಕ್ಕೂ ಮುಂಚೆ, 1940ರಲ್ಲೇ, ಶಿ. ಶಿ. ಬಸವನಾಳರು ಇಂಗ್ಲಿಷ್ ಪ್ರಾಧ್ಯಾಪಕ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದಿದ್ದರು.

ರಾಮಾನುಜನ್ನರ ಮುನ್ನುಡಿ ಶುರುವಾಗುವುದು ಮೈಯನ್ನೇ ಗುಡಿಯಾಗಿ ಕಾಣುವ, ಸ್ಥಾವರ ಜಂಗಮಗಳನ್ನು ಎದುರುಬದುರು ನಿಲ್ಲಿಸುವ ಬಸವಣ್ಣನವರ ಪ್ರಸಿದ್ಧ ವಚನದಿಂದ. ನಮ್ಮಲ್ಲಿ ಅದು ಬಾಯಿಪಾಠವಿಲ್ಲದ ಮನೆ ಕಡಿಮೆ. ನಾನೂ ನೂರಾರು ಸಲ ಹೇಳಿದ್ದೇನೆ. ಅವರು ಮಾಡುವುದೇನೆಂದರೆ, ಪದಗಳ ಹತ್ತಿರ ಕೂತುಕೊಳ್ಳುತ್ತಾರೆ. ಗುಡಿಯನ್ನು ‘ಮಾಡುವ’ ಉಳ್ಳವನು ಒಂದು ಕಡೆ, ತಾನೇ ಗುಡಿ ‘ಆಗಿರುವ’ ಬಡವ ಇನ್ನೊಂದು ಕಡೆ. ಮಾಡಿದ್ದು ಹಾಳಾಗುತ್ತದೆ, ಆಗಿರುವುದು ಉಳಿಯುತ್ತದೆ. ಗುಡಿ ಕಟ್ಟುವ ನಮ್ಮ ಶಿಲ್ಪ ಪರಂಪರೆಯಲ್ಲಿ ಕಟ್ಟಡದ ಭಾಗಗಳಿಗೆ ಮನುಷ್ಯನ ಅಂಗಾಂಗಗಳ ಹೆಸರಿರುವುದನ್ನೂ ತೋರಿಸುತ್ತಾರೆ. ಅಂದರೆ ಗುಡಿ ಮೊದಲೇ ಮೈಯ ನಕಲು. ಬಸವಣ್ಣನವರು ನಕಲನ್ನು ಬಿಟ್ಟು ಮೂಲಕ್ಕೆ ಹೋದರು. ಕಟ್ಟಡದ ಕೆಲಸದವನಾದ ನನಗೆ ಈ ಮಾತು ಅರವತ್ತು ದಾಟಿದ ಮೇಲೆ, ಇಂಗ್ಲಿಷಿನಲ್ಲಿ ತಿಳಿಯಬೇಕಾಯಿತು. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ರಾಮಾನುಜನ್ನರ ಅನುವಾದದಲ್ಲಿ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. 1992ರ ತಮ್ಮ ಪುಸ್ತಕದಲ್ಲಿ ತೇಜಸ್ವಿನಿ ನಿರಂಜನ ಅವರು ಅಲ್ಲಮಪ್ರಭುಗಳ ವಚನವೊಂದರ ಅನುವಾದವನ್ನು ಪದ ಪದವಾಗಿ ಪರಿಶೀಲಿಸಿ ಆಕ್ಷೇಪಿಸಿದ್ದಾರೆ. ಅವರೂ ಇಂಗ್ಲಿಷ್ ಸಾಹಿತ್ಯ ಓದಿದವರೇ. ತಪ್ಪು ತೋರಿಸುವ ಹತಾರವೂ ಅದೇ ತರಗತಿಯಲ್ಲಿ ಸಿಗುತ್ತದೆ.

ಇಷ್ಟಾದ ಮೇಲೆ ನಮ್ಮ ಭಾನುವಾರದ ವಚನ ಅಧ್ಯಯನ ಕೂಟದಲ್ಲಿ ಇದನ್ನು ಮಾಡಿ ನೋಡೋಣ ಎಂದೆ. ಹಾಳೆ ಸಿದ್ಧಪಡಿಸಿದ್ದು ಆ ಅಧ್ಯಾಪಕಿ ಮತ್ತು ಆ ಹುಡುಗಿ, ಹಾಗಾಗಿ ನಾನೂ ಪರೀಕ್ಷೆಗೆ ಕೂತೆ. ಹದಿನಾಲ್ಕು ಮಂದಿ, ಮೂರು ವಚನ, ಅಂಕಿತ ತೆಗೆದದ್ದು. ಹಿರಿಯರೊಬ್ಬರು ಎದ್ದು, ‘ಅಂಕಿತ ತೆಗೆದ ವಚನ ಲಿಂಗವಿಲ್ಲದ ಕರಡಿಗೆ’ ಎಂದರು. ಒಳ್ಳೆಯ ಮಾತು. ಒಂದು ವಾರ ಮಾತ್ರ ತೆಗೆದಿಡುತ್ತೇವೆ, ಆಮೇಲೆ ತಿರುಗಿ ಇಡುತ್ತೇವೆ ಎಂದು ಒಪ್ಪಿಸಿದೆವು.

ಒಂದು ವಚನದ ನುಡಿ ಒರಟಾಗಿತ್ತು. ಡಾಂಭಿಕ ಭಕ್ತರನ್ನು ಹಿಡಿದು ಝಾಡಿಸುವಂಥದು. ಐದು ಮಂದಿ, ಇದು ಶರಣರದಲ್ಲ, ಮಠದಲ್ಲಿ ಓದತಕ್ಕದ್ದಲ್ಲ ಎಂದು ಬರೆದರು. ಅಂಬಿಗರ ಚೌಡಯ್ಯನವರದು ಎಂದು ಗೊತ್ತಾದ ಕೂಡಲೇ ಆ ಐವರೂ ‘ಆಹಾ, ಏನು ನಿಷ್ಠುರ’ ಎಂದರು. ಇನ್ನೊಂದು ಆಯ್ದಕ್ಕಿ ಲಕ್ಕಮ್ಮನವರ ವಚನ. ಹೆಚ್ಚಿನ ಅಕ್ಕಿ ತಂದ ಗಂಡನನ್ನು, ಇಷ್ಟು ಆಸೆ ನಿಮಗೇಕೆ ಎಂದು ಆಕೆ ಕೇಳುವುದು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಇದು ಗುರು ಶಿಷ್ಯನಿಗೆ ಮಾಡಿದ ಉಪದೇಶ ಎಂದರು. ನಾನು, ಬಸವಣ್ಣನವರು ಬಿಜ್ಜಳನ ಆಸ್ಥಾನದ ಅಧಿಕಾರಿಗೆ ಹೇಳಿದ್ದು ಎಂದು ಒಂದೂವರೆ ಪುಟ ಬರೆದಿದ್ದೆ! ಆ ವಚನ ಅಪ್ಪಣೆಯಲ್ಲ, ಪ್ರಶ್ನೆ ಎಂಬುದನ್ನು ಗುರುತಿಸಿದವರು ಒಬ್ಬರೇ. ದಾಸೋಹದ ಅಡುಗೆ ನೋಡಿಕೊಳ್ಳುವ ತಾಯಿ. ‘ಇದು ಹೆಂಗಸಿನ ಮಾತೇ. ನಾವು ಹಿಂಗೇ ಕೇಳ್ತೀವಿ, ಹೇಳೋದಿಲ್ಲ’ ಎಂದರು. ಅವರು ಬರೆದದ್ದು ಎರಡೇ ಸಾಲು.

ಅರ್ಧಕ್ಕೂ ಹೆಚ್ಚು ಹಾಳೆಗಳಲ್ಲಿ ವಚನ ಯಾವುದೇ ಇರಲಿ, ಕಾಯಕದ ಆ ಪ್ರಸಿದ್ಧ ಘೋಷವಾಕ್ಯ ಬಂದಿತ್ತು, ಬಸವಣ್ಣನವರ ಹೆಸರಿನಲ್ಲಿ. ನಮ್ಮ ಶಾಲೆಗಳ ಗೋಡೆಯ ಮೇಲೂ ಹಾಗೇ ಇದೆ. ಆ ಮಾತು ಬರುವುದು ಲಕ್ಕಮ್ಮನವರ ಪತಿ ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಅಕ್ಕಿ ಆಯ್ದು ಬದುಕಿದವರ ಮಾತನ್ನು ಕೂಡ ದೊಡ್ಡವರ ಖಾತೆಗೆ ಜಮಾ ಮಾಡಿದ್ದೇವೆ. ಫ. ಗು. ಹಳಕಟ್ಟಿಯವರು ಓಲೆಗರಿ ಹುಡುಕುತ್ತ ಊರೂರು ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದ್ದು ನಾವು ಹೀಗೆ ಓದಲೆಂದೇ?

ಕರಡಿಗೆಯ ಮಾತು ಆಡಿದ ಹಿರಿಯರಿಗೂ ಉತ್ತರ ಕೊಡಬೇಕು. ಅವರು ಹೇಳಿದ್ದರಲ್ಲಿ ಹುರುಳಿದೆ. ಅಕ್ಕನ ಚೆನ್ನಮಲ್ಲಿಕಾರ್ಜುನ, ಪ್ರಭುಗಳ ಗುಹೇಶ್ವರ ಬರೀ ರುಜು ಅಲ್ಲ, ಅರ್ಥದ ಭಾಗ. ಕಲ್ಯಾಣದ ಚರಿತ್ರೆ ತಿಳಿಯದೆ ವಚನ ಪೂರ್ತಿ ತಿಳಿಯುವುದಿಲ್ಲ. ರಿಚರ್ಡ್ಸ್ ಪದ್ಧತಿಯ ಮೇಲೆ ಅವರ ನಾಡಿನಲ್ಲೂ ಇದೇ ದೂರು ಬಂತು: ಕವಿತೆಯನ್ನು ಕಾಲದಿಂದ, ಸಮಾಜದಿಂದ ಕಿತ್ತು ಓದುತ್ತಾರೆ ಎಂದು. ನನ್ನ ಅಭಿಪ್ರಾಯ ಇಷ್ಟೇ: ಹೆಸರಿಲ್ಲದ ಹಾಳೆ ಮೊದಲ ಓದಿಗೆ ಬೇಕು, ಕೊನೆಯ ಓದಿಗೆ ಸಾಲದು.

ಓದಿನ ಜೊತೆಗೆ ಬರವಣಿಗೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಬರವಣಿಗೆಯ ಪಾಠ ಕಡ್ಡಾಯವಾಯಿತು. ಬ್ಯಾರೆಟ್ ವೆಂಡೆಲ್ ಎಂಬ ಅಧ್ಯಾಪಕ ತನ್ನ ವಿದ್ಯಾರ್ಥಿಗಳಿಂದ ದಿನಕ್ಕೊಂದು ಪುಟ ಬರೆಸುತ್ತಿದ್ದ. ಆ ದಿನ ಕಂಡದ್ದನ್ನು, ಸ್ವಂತ ಮಾತಿನಲ್ಲಿ. ಕಾರ್ನೆಲ್‌ನಲ್ಲಿ ವಿಲಿಯಂ ಸ್ಟ್ರಂಕ್ 1918ರಲ್ಲಿ ತನ್ನ ತರಗತಿಗೆಂದು ಒಂದು ಸಣ್ಣ ಕೈಪಿಡಿ ಅಚ್ಚು ಹಾಕಿಸಿದ. ಕಡಿಮೆ ಪದ, ನೇರ ಕ್ರಿಯಾಪದ, ಕರ್ತೃ ಎದುರಿಗೆ. ಅವನ ಶಿಷ್ಯ ಇ. ಬಿ. ವೈಟ್ 1959ರಲ್ಲಿ ಅದನ್ನು ಪರಿಷ್ಕರಿಸಿದ ಮೇಲೆ ಲೋಕವೆಲ್ಲ ಹಬ್ಬಿತು. ಪೇಟೆಯಲ್ಲಿ ಮೂವತ್ತು ದಿನಕ್ಕೆ ಇಂಗ್ಲಿಷ್ ಮಾತಾಡಿಸುತ್ತೇವೆ ಎಂಬ ಫಲಕಗಳಿವೆಯಲ್ಲ, ಈ ಪಾಠ ಅದಲ್ಲ. ಬರೆದ ವಾಕ್ಯಕ್ಕೆ ತಾನು ಹೊಣೆ ಎಂಬುದನ್ನು ಇಲ್ಲಿ ರೂಢಿ ಮಾಡಿಸುತ್ತಾರೆ.

ಅದರ ಬೆಲೆ ನನಗೆ ಹೇಗೆ ಗೊತ್ತೆಂದರೆ, ಸೇವೆಯ ಮಧ್ಯಕಾಲದಲ್ಲಿ ಒಂದು ಕೆರೆಯ ತೂಬನ್ನು ಪರಿಶೀಲಿಸಿ, ‘ಸಣ್ಣಪುಟ್ಟ ದುರಸ್ತಿಯ ಅಗತ್ಯ ಕಂಡುಬಂದಿದ್ದು ಸೂಕ್ತ ಕ್ರಮ ಕೈಗೊಳ್ಳಬಹುದಾಗಿದೆ’ ಎಂದು ವರದಿ ಬರೆದೆ. ತೂಬಿನ ಬಾಗಿಲು ಪೂರ್ತಿ ಕೂರುತ್ತಿರಲಿಲ್ಲ, ಹಗಲೂ ರಾತ್ರಿ ನೀರು ಹರಿದು ಹೋಗುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೆ. ಬಾಗಿಲು ಬದಲಿಸಬೇಕು, ಇಂಥ ತಿಂಗಳೊಳಗೆ, ಇಂಥವರು ಎಂದು ಬರೆಯಲಿಲ್ಲ. ಬರೆದರೆ ನಾಳೆ ಕೇಳುತ್ತಾರೆ ಎಂಬ ಭಯ. ಕಡತ ಮೂರು ಮೇಜು ತಿರುಗಿತು, ಯಾರಿಗೂ ಅದು ತಮ್ಮ ಕೆಲಸ ಎನಿಸಲಿಲ್ಲ. ಬೇಸಿಗೆಯ ಬೆಳೆಗೆ ನೀರಿಲ್ಲದೆ ಕೊನೆಯ ಗದ್ದೆಗಳು ಒಣಗಿದವು. ಒಬ್ಬ ರೈತ ಕಚೇರಿಗೆ ಬಂದು, ‘ಸಾಹೇಬರ, ನೀವು ಬಂದು ನೋಡಿ ಹೋಗಿದ್ರಲ್ಲ’ ಎಂದ. ಬೈಯಲಿಲ್ಲ. ಅಷ್ಟೇ ಅಂದು ಹೋದ.

ಇಂಗ್ಲಿಷ್ ಸಾಹಿತ್ಯ ಓದಿದರೆ ನೌಕರಿ ಸಿಗುತ್ತದೆಯೇ ಎಂದು ತಂದೆತಾಯಂದಿರು ಕೇಳುತ್ತಾರೆ. ಖಾತ್ರಿ ನಾನು ಕೊಡಲಾರೆ. ಇಂಜಿನಿಯರಿಂಗ್ ಓದಿದವರಿಗೂ ಈಗ ಯಾರೂ ಕೊಡುತ್ತಿಲ್ಲ. ಎಲ್ಲ ಮಕ್ಕಳೂ ಇದನ್ನೇ ಓದಲಿ ಎಂದೂ ಅಲ್ಲ. ಕನ್ನಡ ಸಾಹಿತ್ಯದ ತರಗತಿಯಲ್ಲೂ ಇದೇ ಕ್ರಮ ಬರಬೇಕು, ಒಳ್ಳೆಯ ಅಧ್ಯಾಪಕರಿದ್ದಲ್ಲಿ ಬಂದೂ ಇದೆ. ಪಾಠದ ಟಿಪ್ಪಣಿ ಬರೆಸಿ, ಅದನ್ನೇ ಪರೀಕ್ಷೆಯಲ್ಲಿ ಒಪ್ಪಿಸಿಕೊಳ್ಳುವ ಇಂಗ್ಲಿಷ್ ತರಗತಿಗಳೂ ಬೇಕಾದಷ್ಟಿವೆ; ಅವುಗಳ ಪರವಾಗಿ ನಾನು ಮಾತಾಡುತ್ತಿಲ್ಲ. ನಮ್ಮ ಆ ಹನ್ನೊಂದು ಮಕ್ಕಳ ತರಗತಿ ಅಂಥದ್ದಲ್ಲ. ಅದನ್ನು ನೋಡದೆ ಮುಚ್ಚಿಸಿದವನು ನಾನು.

ಆಡಳಿತ ಮಂಡಳಿ ಬರುವ ತಿಂಗಳು ಸೇರುತ್ತದೆ. ಹೊಸ ಟಿಪ್ಪಣಿ ಬರೆದು ಕೊಟ್ಟಿದ್ದೇನೆ. ‘ಎರಡು ವರ್ಷದ ಹಿಂದೆ ನಾನು ಈ ತರಗತಿಯನ್ನು ನೋಡದೆ ಅನುಪಯುಕ್ತ ಎಂದು ಬರೆದೆ’ ಎಂದು ಶುರುವಾಗುತ್ತದೆ. ಖರ್ಚಿನ ಲೆಕ್ಕವನ್ನೂ ಮುಚ್ಚಿಟ್ಟಿಲ್ಲ. ಪ್ರವೇಶ ಮತ್ತೆ ತೆರೆದರೆ ಮೊದಲ ಮೂರು ವರ್ಷ ಕೊರತೆ ಬೀಳುತ್ತದೆ. ಅದರಲ್ಲಿ ನನ್ನ ಪಿಂಚಣಿಯಿಂದ ಎಷ್ಟು ಕೊಡುತ್ತೇನೆ ಎಂಬುದನ್ನು ಅಂಕಿಯಲ್ಲಿ ಬರೆದಿದ್ದೇನೆ. ಮಂಡಳಿಯ ಇನ್ನಿಬ್ಬರು ಸದಸ್ಯರು ಈ ಸಭೆಯಲ್ಲಿದ್ದಾರೆ. ಸಭೆಗೆ ಮುಂಚೆ ಒಂದು ದಿನ ಅವರೂ ಬಂದು ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬೇಕೆಂದು ಎಲ್ಲರೆದುರು ಕೇಳಿಕೊಳ್ಳುತ್ತೇನೆ. ಮಂಗಳವಾರ ಮತ್ತು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ.

ಈ ಭಾನುವಾರದ ಕೂಟಕ್ಕೆ ಬರುವವರು ಪೆನ್ಸಿಲ್ ತನ್ನಿ. ಹಾಳೆ ಅಲ್ಲೇ ಕೊಡುತ್ತೇವೆ. ದಾಸೋಹ ಮನೆಯ ತಾಯಂದಿರೂ ಬರಲಿ, ಅಡುಗೆ ಅಂದು ಸ್ವಲ್ಪ ತಡವಾದರೆ ಪೂಜ್ಯರು ಕ್ಷಮಿಸುತ್ತಾರೆ ಎಂದುಕೊಂಡಿದ್ದೇನೆ.